ಹಿಂಬದಿಯ ಪಟ್ಟಿಯನ್ನು ಓದಿರಿ: ಗಲ್ಫ್‌ನಿಂದ ಬಂದ ಟೂ-ಇನ್-ಒನ್‌ಗಳು ಕಲಿಸುವ ಪಾಠ

(ಸಂಘದ ವಾರ್ಷಿಕ ಸಭೆಯ ಶೈಕ್ಷಣಿಕ ಗೋಷ್ಠಿಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹ ರೂಪ)





ಇಂದು ನಾನು ಮಾತನಾಡಲು ಆರಿಸಿಕೊಂಡಿರುವುದು ಹಳೆಯ ಟೇಪ್ ರೆಕಾರ್ಡರ್‌ಗಳ ವಿಷಯ. ಶೈಕ್ಷಣಿಕ ಗೋಷ್ಠಿಯಲ್ಲಿ ಇದೆಂತಹ ವಿಷಯ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಮಂಗಳೂರು, ಉಡುಪಿ, ಭಟ್ಕಳದ ಕಡೆಯ ನಮ್ಮ ಎಷ್ಟೋ ಮನೆಗಳ ಅಟ್ಟದಲ್ಲಿ ಅಥವಾ ಹಳೆಯ ಕಪಾಟಿನಲ್ಲಿ ಇಂತಹ ಒಂದು ಸೆಟ್ ಇಂದಿಗೂ ಧೂಳು ಹಿಡಿದು ಕುಳಿತಿದೆ. ಅದರ ಪಕ್ಕದಲ್ಲಿಯೇ ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್‌ಗಳಿವೆ. ಆ ಸೆಟ್‌ನಲ್ಲಿ ನಿಮ್ಮ ಪಠ್ಯಪುಸ್ತಕದ ಭೌತಶಾಸ್ತ್ರವಿದೆ. ಆ ಕ್ಯಾಸೆಟ್‌ಗಳಲ್ಲಿ ನಿಮ್ಮ ಮನೆತನದ ಧ್ವನಿಯಿದೆ. ಒಂದನ್ನು ಅರಿಯದೆ ಇನ್ನೊಂದನ್ನು ಉಳಿಸಿಕೊಳ್ಳಲು ಆಗುವುದಿಲ್ಲ ಎಂಬುದನ್ನು ತಿಳಿಸುವುದೇ ಈ ಮಾತಿನ ಉದ್ದೇಶ.

1973ರಲ್ಲಿ ತೈಲದ ಬೆಲೆ ಏರಿದ ನಂತರ ಕೊಲ್ಲಿ ರಾಷ್ಟ್ರಗಳಲ್ಲಿ ಕಟ್ಟಡ, ರಸ್ತೆ, ಬಂದರುಗಳ ಕೆಲಸ ಭರದಿಂದ ಸಾಗಿತು. ನಮ್ಮ ಕರಾವಳಿಯ ಸಾವಿರಾರು ಯುವಕರು ಅಲ್ಲಿಗೆ ದುಡಿಯಲು ಹೋದರು. ಎರಡು ಮೂರು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವಾಗ ಅವರು ತರುತ್ತಿದ್ದ ವಸ್ತುಗಳಲ್ಲಿ ರೇಡಿಯೋ ಮತ್ತು ಕ್ಯಾಸೆಟ್ ಎರಡೂ ಇರುವ ‘ಟೂ-ಇನ್-ಒನ್’ ಸೆಟ್‌ಗೆ ವಿಶೇಷ ಸ್ಥಾನವಿತ್ತು. ನ್ಯಾಷನಲ್ ಪ್ಯಾನಾಸೋನಿಕ್, ಸೋನಿ, ಶಾರ್ಪ್, ಸಾನ್ಯೊ, ಜೆ.ವಿ.ಸಿ. ಮುಂತಾದ ಹೆಸರುಗಳು ಅಕ್ಷರ ಬಾರದ ಅಜ್ಜಿಯರ ನಾಲಿಗೆಯ ಮೇಲೂ ಓಡಾಡುತ್ತಿದ್ದವು. ಹಜ್ಜ್ ಯಾತ್ರೆ ಮುಗಿಸಿ ಬರುವವರ ಪೆಟ್ಟಿಗೆಯಲ್ಲಿಯೂ ಖರ್ಜೂರ, ಝಮ್‌ಝಮ್‌ಗಳ ಜೊತೆ ಒಂದು ಟೇಪ್ ರೆಕಾರ್ಡರ್ ಇರುವುದು ಅಪರೂಪವಾಗಿರಲಿಲ್ಲ.

ಈ ಸೆಟ್‌ಗಳಲ್ಲಿ ಹೆಚ್ಚಿನವು ತಯಾರಾದದ್ದು ಜಪಾನಿನಲ್ಲಿ. ಆದರೆ ಜಪಾನಿನವರು ತಮ್ಮ ದೇಶಕ್ಕೆ ಒಂದು ಬಗೆ, ಅಮೆರಿಕಕ್ಕೆ ಒಂದು ಬಗೆ, ಯುರೋಪಿಗೆ ಒಂದು ಬಗೆ, ಏಷ್ಯಾ ಮತ್ತು ಕೊಲ್ಲಿ ರಾಷ್ಟ್ರಗಳಿಗೆ ಇನ್ನೊಂದು ಬಗೆ ಎಂದು ತಯಾರಿಸುತ್ತಿದ್ದರು. ಮುಂಭಾಗದಿಂದ ನೋಡಿದರೆ ಅಣ್ಣತಮ್ಮಂದಿರಂತೆ ಕಾಣುವ ಸೆಟ್‌ಗಳು ಒಳಗಿನಿಂದ ಬೇರೆ ಬೇರೆಯಾಗಿರುತ್ತಿದ್ದವು. ಹೆಸರು ಕೂಡ ಬೇರೆಯಾಗುತ್ತಿತ್ತು. ಏಷ್ಯಾದಲ್ಲಿ ‘ನ್ಯಾಷನಲ್’ ಎಂಬ ಹೆಸರಿನಲ್ಲಿ ಮಾರಾಟ ಮಾಡುತ್ತಿದ್ದ ಮತ್ಸುಶಿತ ಕಂಪೆನಿಗೆ ಅಮೆರಿಕದಲ್ಲಿ ಆ ಹೆಸರನ್ನು ಬಳಸಲು ಆಗಲಿಲ್ಲ. ಅಲ್ಲಿ ಅದು ‘ಪ್ಯಾನಾಸೋನಿಕ್’ ಆಯಿತು. ನಮ್ಮ ಕಡೆ ಬಂದ ಸೆಟ್‌ಗಳ ಮೇಲೆ ಎರಡೂ ಹೆಸರುಗಳು ಒಟ್ಟಿಗೆ ಇರುತ್ತಿದ್ದವು. 2008ರಲ್ಲಿ ಕಂಪೆನಿಯೇ ತನ್ನ ಹೆಸರನ್ನು ಪ್ಯಾನಾಸೋನಿಕ್ ಎಂದು ಬದಲಾಯಿಸಿಕೊಂಡಿತು.

ಈ ಸೆಟ್ ಯಾವ ದೇಶಕ್ಕಾಗಿ ತಯಾರಾಯಿತು ಎಂಬುದು ಮುಂಭಾಗದ ಹೊಳೆಯುವ ಅಕ್ಷರಗಳಿಂದ ತಿಳಿಯುವುದಿಲ್ಲ. ಹಿಂಬದಿಯಲ್ಲಿ, ತೀರಾ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಒಂದು ಪಟ್ಟಿಯಿಂದ ತಿಳಿಯುತ್ತದೆ. ಎಷ್ಟು ವೋಲ್ಟ್, ಎಷ್ಟು ಹರ್ಟ್ಸ್, ಎಷ್ಟು ವ್ಯಾಟ್, ಎಷ್ಟು ಸೆಲ್ ಎಂಬ ನಾಲ್ಕು ಸಂಗತಿಗಳು ಅದರಲ್ಲಿರುತ್ತವೆ. ಇವುಗಳನ್ನು ಒಂದೊಂದಾಗಿ ನೋಡೋಣ.

ವೋಲ್ಟೇಜ್ ಏಕೆ ಬೇರೆ ಬೇರೆ?

ನಮ್ಮ ದೇಶದ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ವಿದ್ಯುತ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ 100 ವೋಲ್ಟ್. ದುಬೈ, ಅಬುಧಾಬಿ, ಕುವೈತ್, ಕತಾರ್, ಒಮಾನ್, ಬಹ್ರೈನ್‌ಗಳಲ್ಲಿ 220ರಿಂದ 240 ವೋಲ್ಟ್, 50 ಹರ್ಟ್ಸ್. ಆದರೆ ಸೌದಿ ಅರೇಬಿಯದ ಕಥೆ ಬೇರೆ. ಅಲ್ಲಿ ದಶಕಗಳ ಕಾಲ ಮನೆಗಳ ಸಾಮಾನ್ಯ ಸಾಕೆಟ್‌ಗಳಿಗೆ 127 ವೋಲ್ಟ್, 60 ಹರ್ಟ್ಸ್ ವಿದ್ಯುತ್ತನ್ನೇ ಕೊಡಲಾಗುತ್ತಿತ್ತು. ಹೀಗಾಗಿ ದುಬೈಯಿಂದ ಬಂದ ಸೆಟ್ ಮತ್ತು ಜಿದ್ದಾದಿಂದ ಬಂದ ಸೆಟ್ ಎರಡನ್ನೂ ನಾವು ‘ಗಲ್ಫ್ ಸೆಟ್’ ಎಂದು ಕರೆದರೂ ಅವು ಒಂದೇ ಅಲ್ಲ.

ಈ ವ್ಯತ್ಯಾಸದ ಮೂಲ ಇರುವುದು ಇತಿಹಾಸದಲ್ಲಿ. 1882ರಲ್ಲಿ ಎಡಿಸನ್ ನ್ಯೂಯಾರ್ಕ್‌ನ ಪರ್ಲ್ ಸ್ಟ್ರೀಟ್‌ನಲ್ಲಿ ವಿದ್ಯುತ್ ಕೇಂದ್ರ ಆರಂಭಿಸಿದಾಗ ಅಂದಿನ ಬಲ್ಬುಗಳಿಗೆ ಸರಿಹೊಂದುವಂತೆ ಸುಮಾರು 110 ವೋಲ್ಟ್ ಆರಿಸಿಕೊಂಡರು. ಅಮೆರಿಕ ಅದೇ ದಾರಿಯಲ್ಲಿ ಮುಂದುವರಿಯಿತು. 1899ರಲ್ಲಿ ಜರ್ಮನಿಯ ಬರ್ಲಿನ್ ನಗರದ ವಿದ್ಯುತ್ ಕಂಪೆನಿ 220 ವೋಲ್ಟ್‌ಗೆ ಬದಲಾಯಿತು. ವೋಲ್ಟೇಜ್ ಎರಡರಷ್ಟಾದರೆ ಅಷ್ಟೇ ಶಕ್ತಿಗೆ ಕರೆಂಟ್ ಅರ್ಧ ಸಾಕು. ಕರೆಂಟ್ ಅರ್ಧವಾದರೆ ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಇದು ತಾಮ್ರ ಉಳಿಸುವ ಉಪಾಯ. ಯುರೋಪು ಮತ್ತು ಬ್ರಿಟಿಷರ ಪ್ರಭಾವವಿದ್ದ ದೇಶಗಳು ಹೆಚ್ಚಾಗಿ ಈ ಎತ್ತರದ ವೋಲ್ಟೇಜನ್ನೇ ಅನುಸರಿಸಿದವು. 1983ರಲ್ಲಿ ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗವು 220 ಮತ್ತು 240ರ ನಡುವಿನ ಗೊಂದಲ ತಪ್ಪಿಸಲು 230 ವೋಲ್ಟ್ ಎಂಬ ಮಧ್ಯದ ಅಂಕಿಯನ್ನು ಮಾನದಂಡವಾಗಿಸಿತು.

ಜಪಾನಿನ ಸ್ಥಿತಿ ಇನ್ನೂ ವಿಚಿತ್ರ. 1890ರ ದಶಕದಲ್ಲಿ ಟೋಕಿಯೊದವರು ಜರ್ಮನಿಯಿಂದ 50 ಹರ್ಟ್ಸ್‌ನ ಜನರೇಟರ್ ತರಿಸಿದರು. ಒಸಾಕದವರು ಅಮೆರಿಕದಿಂದ 60 ಹರ್ಟ್ಸ್‌ನದನ್ನು ತರಿಸಿದರು. ಅದರ ಪರಿಣಾಮವಾಗಿ ಇಂದಿಗೂ ಆ ಚಿಕ್ಕ ದೇಶದ ಪೂರ್ವ ಭಾಗದಲ್ಲಿ 50 ಹರ್ಟ್ಸ್, ಪಶ್ಚಿಮ ಭಾಗದಲ್ಲಿ 60 ಹರ್ಟ್ಸ್ ವಿದ್ಯುತ್ ಹರಿಯುತ್ತಿದೆ. ಇದನ್ನು ಕೇಳಿ ನಗಬೇಡಿ. ನಮ್ಮ ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗ ಅದರ ಆವರ್ತನ 25 ಹರ್ಟ್ಸ್ ಆಗಿತ್ತು. 1905ರಲ್ಲಿ ಬೆಂಗಳೂರಿಗೆ ಬೆಳಕು ಬಂದದ್ದೂ ಅಲ್ಲಿಂದಲೇ. ಯಾವ ಯಂತ್ರ ಮೊದಲು ಬಂತೋ ಅದರ ಅಂಕಿಯೇ ಆ ಊರಿನ ಕಾನೂನಾಗುತ್ತಿದ್ದ ಕಾಲವದು.

ಸೌದಿಯಲ್ಲಿ ಒಂದೇ ಮನೆಯಲ್ಲಿ 127 ಮತ್ತು 220 ಎರಡೂ ವೋಲ್ಟೇಜ್ ಇರುತ್ತಿದ್ದುದು ಗಣಿತ ಕಲಿಯುವವರಿಗೆ ಒಳ್ಳೆಯ ಉದಾಹರಣೆ. ಮೂರು ಫೇಸ್‌ಗಳ ವ್ಯವಸ್ಥೆಯಲ್ಲಿ ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ 127 ವೋಲ್ಟ್ ಇದ್ದರೆ, ಎರಡು ಫೇಸ್‌ಗಳ ನಡುವೆ ಅದರ 1.732 ಪಟ್ಟು, ಅಂದರೆ 220 ವೋಲ್ಟ್ ಇರುತ್ತದೆ. 1.732 ಎಂಬುದು 3ರ ವರ್ಗಮೂಲ. ದೀಪ, ರೇಡಿಯೋಗಳಿಗೆ 127. ಹವಾನಿಯಂತ್ರಕದಂತಹ ದೊಡ್ಡ ಯಂತ್ರಗಳಿಗೆ 220. ನಮ್ಮಲ್ಲಿಯೂ ಇದೇ ಲೆಕ್ಕ: 230ನ್ನು 1.732ರಿಂದ ಗುಣಿಸಿದರೆ ಸುಮಾರು 400. ಪಂಪ್‌ಸೆಟ್‌ಗೆ ಮೂರು ಫೇಸ್ ಬೇಕೆನ್ನುವಾಗ ನಿಮ್ಮ ತಂದೆ ಹೇಳುವ 400 ವೋಲ್ಟ್ ಇದೇ. 2010ರಲ್ಲಿ ಸೌದಿ ಸರಕಾರವು 127/220ನ್ನು ಹಂತಹಂತವಾಗಿ 25 ವರ್ಷಗಳಲ್ಲಿ 230/400ಕ್ಕೆ ಬದಲಾಯಿಸುವ ನಿರ್ಧಾರ ಕೈಗೊಂಡಿತು. ಆವರ್ತನ ಮಾತ್ರ 60 ಹರ್ಟ್ಸ್ ಆಗಿಯೇ ಉಳಿಯಿತು.

ತಪ್ಪು ವೋಲ್ಟೇಜ್ ಕೊಟ್ಟರೆ ಏನಾಗುತ್ತದೆ?

ಕೊಲ್ಲಿ ರಾಷ್ಟ್ರಗಳ ಮಾರುಕಟ್ಟೆಗೆ ತಯಾರಾದ ಅನೇಕ ಸೆಟ್‌ಗಳಲ್ಲಿ ವೋಲ್ಟೇಜ್ ಆರಿಸುವ ಒಂದು ಚಿಕ್ಕ ತಿರುಪು ಇರುತ್ತಿತ್ತು. 110, 127, 220, 240 ಎಂಬ ನಾಲ್ಕು ಅಂಕಿಗಳು; ನಾಣ್ಯ ಅಥವಾ ಸ್ಕ್ರೂಡ್ರೈವರ್‌ನಿಂದ ತಿರುಗಿಸಿ ಬೇಕಾದ ಅಂಕಿಗೆ ತರಬೇಕು. ಕೆಲವು ಸೆಟ್‌ಗಳಲ್ಲಿ ಇದು ಹಿಂಬದಿಯಲ್ಲಿಯೂ, ಕೆಲವದರಲ್ಲಿ ಬ್ಯಾಟರಿ ಹಾಕುವ ಗೂಡಿನ ಒಳಗೂ ಅಡಗಿರುತ್ತದೆ. ಅಮೆರಿಕಕ್ಕಾಗಿ ತಯಾರಾದ ಸೆಟ್‌ನಲ್ಲಿ ಸಾಮಾನ್ಯವಾಗಿ ಈ ತಿರುಪು ಇರುವುದಿಲ್ಲ. 120 ವೋಲ್ಟ್, 60 ಹರ್ಟ್ಸ್ ಎಂದು ಮಾತ್ರ ಬರೆದಿರುತ್ತದೆ. ಜಪಾನಿನ ಒಳಮಾರುಕಟ್ಟೆಯ ಸೆಟ್‌ನಲ್ಲಿ 100 ವೋಲ್ಟ್, 50/60 ಹರ್ಟ್ಸ್ ಎಂದಿರುತ್ತದೆ.

ಈಗ ರಿಯಾದ್‌ನ ಕೋಣೆಯಲ್ಲಿ 127ಕ್ಕೆ ಇಟ್ಟು ಬಳಸುತ್ತಿದ್ದ ಸೆಟ್ಟನ್ನು ತಿರುಪು ನೋಡದೆಯೇ ನಮ್ಮ 230 ವೋಲ್ಟಿನ ಸಾಕೆಟ್‌ಗೆ ಜೋಡಿಸಿದರೆ? ವೋಲ್ಟೇಜ್ 1.81 ಪಟ್ಟಾಗುತ್ತದೆ. ಬರೀ ಶಾಖ ಕೊಡುವ ತಂತಿಯಾಗಿದ್ದರೆ ಅದರಲ್ಲಿ ಶಕ್ತಿ ಇದರ ವರ್ಗದಷ್ಟು, ಅಂದರೆ 3.28 ಪಟ್ಟು ಹೆಚ್ಚುತ್ತಿತ್ತು. ಟ್ರಾನ್ಸ್‌ಫಾರ್ಮರ್‌ನಲ್ಲಿ ಇನ್ನೂ ಕೆಟ್ಟದ್ದು ಆಗುತ್ತದೆ. ಅದರ ಕಬ್ಬಿಣದ ತಿರುಳು ಹಿಡಿಯಬಲ್ಲ ಕಾಂತಶಕ್ತಿಗೆ ಒಂದು ಮಿತಿಯಿದೆ. ತಿರುಳಿನಲ್ಲಿ ಎಷ್ಟು ಕಾಂತಶಕ್ತಿ ಉಂಟಾಗುತ್ತದೆ ಎಂಬುದನ್ನು ನಿರ್ಧರಿಸುವುದು ವೋಲ್ಟನ್ನು ಹರ್ಟ್ಸ್‌ನಿಂದ ಭಾಗಿಸಿದಾಗ ಬರುವ ಅಂಕಿ. 127ನ್ನು 60ರಿಂದ ಭಾಗಿಸಿದರೆ ಸುಮಾರು 2.1, 230ನ್ನು 50ರಿಂದ ಭಾಗಿಸಿದರೆ 4.6. ಎರಡು ಪಟ್ಟಿಗಿಂತ ಹೆಚ್ಚು! ತಿರುಳು ತುಂಬಿ ತುಳುಕಿದ ಮೇಲೆ ಕರೆಂಟನ್ನು ತಡೆಯುವವರೇ ಇಲ್ಲ. ಫ್ಯೂಸ್ ಸರಿಯಿದ್ದರೆ ಅದು ಹೋಗಿ ಸೆಟ್ ಉಳಿಯುತ್ತದೆ. ಫ್ಯೂಸ್ ಬದಲು ಯಾರಾದರೂ ತಾಮ್ರದ ತಂತಿ ಸುತ್ತಿದ್ದರೆ ಟ್ರಾನ್ಸ್‌ಫಾರ್ಮರ್ ಸುಟ್ಟು ಹೊಗೆ ಬರುತ್ತದೆ. ಮನೆಯಲ್ಲಿ ಮಕ್ಕಳು ಮಲಗಿರುವಾಗ ಇಂತಹ ಹೊಗೆ ಎದ್ದರೆ ನಷ್ಟ ಒಂದು ಸೆಟ್‌ಗೆ ನಿಲ್ಲುವುದಿಲ್ಲ.

ತಿರುಗಿ ಹೋಗುವವರಿಗೂ ಈ ಮಾತು ಅನ್ವಯಿಸುತ್ತದೆ. ಇಲ್ಲಿ 220ಕ್ಕೆ ಇಟ್ಟ ಸೆಟ್ಟನ್ನು 127 ವೋಲ್ಟಿಗೆ ಜೋಡಿಸಿದರೆ ಸುಡುವುದಿಲ್ಲ. ಆದರೆ ಬೇಕಾದುದರ ಶೇಕಡಾ 58ರಷ್ಟು ಮಾತ್ರ ವೋಲ್ಟೇಜ್ ಸಿಗುತ್ತದೆ. ಧ್ವನಿ ಕ್ಷೀಣವಾಗುತ್ತದೆ, ಕ್ಯಾಸೆಟ್ ಎಳೆಯುವ ಮೋಟಾರ್ ತಡವರಿಸುತ್ತದೆ. ಸೆಟ್ ಹಾಳಾಯಿತೆಂದು ಮಾರಿಬಿಡುವ ಮೊದಲು ಆ ತಿರುಪನ್ನು ನೋಡಬೇಕು.

ಪ್ಲಗ್‌ನ ಆಕಾರವೂ ಒಂದು ಎಚ್ಚರಿಕೆಯೇ. ಜಪಾನ್ ಮತ್ತು ಅಮೆರಿಕದ ಚಪ್ಪಟೆ ಎರಡು ಕಾಲಿನ ಪ್ಲಗ್, ಯು.ಎ.ಇ.ಯಲ್ಲಿ ಬಳಸುವ ಬ್ರಿಟಿಷ್ ಮಾದರಿಯ ಮೂರು ಚೌಕ ಕಾಲಿನ ಪ್ಲಗ್, ನಮ್ಮ ದುಂಡು ಕಾಲಿನ ಪ್ಲಗ್, ಇವು ಒಂದಕ್ಕೊಂದು ಹೊಂದುವುದಿಲ್ಲ. ಕನ್ವರ್ಷನ್ ಪ್ಲಗ್ ಬದಲಾಯಿಸುವುದು ಕಾಲುಗಳ ಆಕಾರವನ್ನು ಮಾತ್ರ, ವೋಲ್ಟೇಜನ್ನಲ್ಲ. ಪ್ಲಗ್ ಒಳಗೆ ಹೋಯಿತು ಎಂದಾಕ್ಷಣ ಸೆಟ್ ಈ ಊರಿಗೆ ಒಗ್ಗಿತು ಎಂದು ತಿಳಿಯಬಾರದು. ಮೇಲಿನ ತೂತಿಗೆ ಪೆನ್ಸಿಲ್ ತೂರಿಸಿ ಬೇರೆ ಪ್ಲಗ್ ತುರುಕುವ ಅಭ್ಯಾಸವಂತೂ ಅಪಾಯಕಾರಿ.

100 ಅಥವಾ 120 ವೋಲ್ಟಿಗೆ ಮಾತ್ರ ಹೊಂದುವ ಸೆಟ್ ಇದ್ದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬಳಸಬೇಕು. ಸೆಟ್‌ನ ಪಟ್ಟಿಯಲ್ಲಿರುವ ವ್ಯಾಟ್‌ನ ಎರಡರಷ್ಟು ಸಾಮರ್ಥ್ಯದ್ದನ್ನು ಕೊಂಡರೆ ಕ್ಷೇಮ. ಕೂದಲು ಒಣಗಿಸುವ ಯಂತ್ರಕ್ಕೆಂದು ಮಾರುವ ಅಗ್ಗದ ಟ್ರಾವೆಲ್ ಕನ್ವರ್ಟರ್ ಇದಕ್ಕೆ ಸಲ್ಲದು. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಆವರ್ತನವನ್ನು ಬದಲಾಯಿಸುವುದಿಲ್ಲ ಎಂಬುದನ್ನೂ ನೆನಪಿಡಿ. ಕ್ಯಾಸೆಟ್ ಮೋಟಾರ್ ನೇರ ವಿದ್ಯುತ್ತಿನಿಂದ ನಡೆಯುವುದರಿಂದ ಅದರ ವೇಗಕ್ಕೆ ತೊಂದರೆಯಿಲ್ಲ. ಆದರೆ ಮನೆಯ ವಿದ್ಯುತ್ತಿನ ಆವರ್ತನವನ್ನೇ ಎಣಿಸಿ ನಡೆಯುವ ಗಡಿಯಾರ ಸೆಟ್‌ನಲ್ಲಿದ್ದರೆ, 60 ಹರ್ಟ್ಸ್‌ನದು ಇಲ್ಲಿ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ. ಅದನ್ನು ನಂಬಿ ನಮಾಝಿಗೆ ಹೊರಟರೆ ಜಮಾಅತ್ ತಪ್ಪುವುದು ಖಂಡಿತ!

ರೇಡಿಯೋದಲ್ಲಿ ದೇಶದ ಗುರುತು

ವೋಲ್ಟೇಜ್ ಸರಿಪಡಿಸಿದ ಮೇಲೂ ಕೆಲವು ಸೆಟ್‌ಗಳು ರೇಡಿಯೋ ಹಿಡಿಯುವುದಿಲ್ಲ. ಸೆಟ್ ಕೆಟ್ಟಿದೆ ಎಂದೇ ಎಲ್ಲರೂ ಭಾವಿಸುತ್ತಾರೆ. ಆದರೆ ಕಾರಣ ಬೇರೆ ಇರಬಹುದು.

ಭಾರತ, ಯುರೋಪು, ಅಮೆರಿಕ, ಕೊಲ್ಲಿ ರಾಷ್ಟ್ರಗಳಲ್ಲಿ ಎಫ್.ಎಂ. ಪ್ರಸಾರ ಸುಮಾರು 88ರಿಂದ 108 ಮೆಗಾಹರ್ಟ್ಸ್‌ವರೆಗೆ ಇರುತ್ತದೆ. ಜಪಾನಿನಲ್ಲಿ ಅಂದು ಅದು 76ರಿಂದ 90ರವರೆಗೆ ಇತ್ತು. ನಮ್ಮಲ್ಲಿ ಎಫ್.ಎಂ. ಪ್ರಸಾರ 1977ರಲ್ಲಿ ಮದರಾಸಿನಲ್ಲಿ ಆರಂಭವಾಯಿತು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಬೆಂಗಳೂರಿನಲ್ಲಿ 91 ಮೆಗಾಹರ್ಟ್ಸ್‌ನಲ್ಲಿ ಶುರುವಾಯಿತು. ಬೆಂಗಳೂರು ಆಕಾಶವಾಣಿಯ ರೇನ್‌ಬೋ 101.3ರಲ್ಲಿ, ವಿವಿಧಭಾರತಿ 102.9ರಲ್ಲಿ, ಮಂಗಳೂರು ಆಕಾಶವಾಣಿಯ ಎಫ್.ಎಂ. 100.3ರಲ್ಲಿ. ಇವೆಲ್ಲವೂ 90ರ ಆಚೆ! ಜಪಾನಿನ ಒಳಮಾರುಕಟ್ಟೆಯ ಸೆಟ್ ಎಷ್ಟೇ ಉತ್ತಮವಾಗಿದ್ದರೂ ಅದರ ಮುಳ್ಳು ಅಲ್ಲಿಗೆ ತಲಪುವುದೇ ಇಲ್ಲ. ಜಪಾನಿನ ಕೆಲವು ಸೆಟ್‌ಗಳಲ್ಲಿ ಮಾತ್ರ ಟಿ.ವಿ.ಯ ಧ್ವನಿ ಕೇಳಲೆಂದು ಡಯಲ್ 108ರವರೆಗೆ ಮುಂದುವರಿದಿರುತ್ತದೆ. ಅವು ನಮ್ಮಲ್ಲಿಯೂ ಕೆಲಸ ಮಾಡುತ್ತವೆ.

ಮಧ್ಯಮ ತರಂಗದಲ್ಲಿ ಇನ್ನೊಂದು ವ್ಯತ್ಯಾಸ. 1978ರಿಂದ ಏಷ್ಯಾ, ಯುರೋಪು, ಆಫ್ರಿಕಾಗಳಲ್ಲಿ ಕೇಂದ್ರಗಳ ನಡುವೆ 9 ಕಿಲೋಹರ್ಟ್ಸ್ ಅಂತರವಿರಬೇಕೆಂಬ ಒಪ್ಪಂದ ಜಾರಿಯಾಯಿತು. ಅಮೆರಿಕದಲ್ಲಿ 10 ಕಿಲೋಹರ್ಟ್ಸ್. ದಶಕಗಳ ಕಾಲ ನಾವು ಕೇಳಿದ ಬೆಂಗಳೂರಿನ 612, ಧಾರವಾಡದ 765, ಮಂಗಳೂರಿನ 1089 ಈ ಮೂರನ್ನೂ 9ರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ. ಮುಳ್ಳು ತಿರುಗಿಸುವ ಹಳೆಯ ಸೆಟ್‌ನಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಅಮೆರಿಕದ ಡಿಜಿಟಲ್ ಸೆಟ್ 10ರ ಹೆಜ್ಜೆಯಲ್ಲಿ ಹಾರುವುದರಿಂದ 760ರಿಂದ 770ಕ್ಕೆ ಹಾರುತ್ತದೆ, ಧಾರವಾಡ ನಡುವೆ ಉಳಿದುಬಿಡುತ್ತದೆ. 

ಬ್ಯಾಂಡ್‌ಗಳೂ ಹಾಗೆಯೇ. ಯುರೋಪಿನ ಸೆಟ್‌ನಲ್ಲಿ ದೀರ್ಘ ತರಂಗ ಇರುತ್ತದೆ. ನಮಗೆ ಅದರಿಂದ ಉಪಯೋಗವಿಲ್ಲ. ಅಮೆರಿಕದ ಸೆಟ್‌ನಲ್ಲಿ ಹೆಚ್ಚಾಗಿ ಎ.ಎಂ. ಮತ್ತು ಎಫ್.ಎಂ. ಎರಡೇ. ಏಷ್ಯಾ ಮತ್ತು ಕೊಲ್ಲಿ ರಾಷ್ಟ್ರಗಳ ಸೆಟ್‌ನಲ್ಲಿ ಒಂದೆರಡು ಹ್ರಸ್ವ ತರಂಗಗಳು ಇರಲೇಬೇಕಿತ್ತು. ಏಕೆಂದರೆ ಮರುಭೂಮಿಯ ಕ್ಯಾಂಪಿನಲ್ಲಿ ಕುಳಿತವನಿಗೆ ಊರಿನ ಸುದ್ದಿ ತಲಪುತ್ತಿದ್ದುದು ಸಾವಿರಾರು ಮೈಲಿ ದೂರ ಕ್ರಮಿಸಬಲ್ಲ ಆ ತರಂಗಗಳಿಂದಲೇ. ಒಂದು ದೇಶದವರಿಗೆ ಬೇಡವಾದ ಬ್ಯಾಂಡ್ ಇನ್ನೊಂದು ದೇಶದವರಿಗೆ ಜೀವನಾಡಿಯಾಗಿತ್ತು.

ವ್ಯಾಟ್‌ಗಳ ಮೋಸ

ಹಿಂಬದಿಯ ಪಟ್ಟಿ ಸತ್ಯ ಹೇಳಿದರೂ ಮುಂಭಾಗದ ಅಂಕಿಗಳು ಕೆಲವೊಮ್ಮೆ ಹೇಳುವುದಿಲ್ಲ. 1980 ಮತ್ತು 90ರ ದಶಕಗಳಲ್ಲಿ ನಮ್ಮ ಭಾಗದ ಮಾರುಕಟ್ಟೆಯಲ್ಲಿ ‘ಪಿ.ಎಂ.ಪಿ.ಒ.’ ಎಂಬ ಅಳತೆ ಪ್ರಚಾರಕ್ಕೆ ಬಂತು. ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂದು ಇದರ ಅರ್ಥ. ಆದರೆ ಅದನ್ನು ಅಳೆಯುವ ಒಪ್ಪಿತ ವಿಧಾನವೇ ಇಲ್ಲ. ಒಂದು ಸೆಟ್‌ನ ಮುಂಭಾಗದಲ್ಲಿ 600 ವ್ಯಾಟ್ ಎಂದು ಬರೆದಿದೆ, ಹಿಂಬದಿಯಲ್ಲಿ ಅದು ಸೇವಿಸುವ ವಿದ್ಯುತ್ 30 ವ್ಯಾಟ್ ಎಂದಿದೆ ಎಂದಿಟ್ಟುಕೊಳ್ಳಿ. 30 ವ್ಯಾಟ್ ಪಡೆದ ಯಂತ್ರ 600 ವ್ಯಾಟ್ ಹೇಗೆ ಕೊಟ್ಟೀತು? ಶಕ್ತಿಯನ್ನು ಸೃಷ್ಟಿಸಲು ಸಾಧ್ಯವಿಲ್ಲ ಎಂಬ ನಿಯಮವನ್ನು ನೀವು ಶಾಲೆಯಲ್ಲಿಯೇ ಓದಿದ್ದೀರಿ. ಅದೇ ಸೆಟ್ 8 ಸೆಲ್‌ಗಳಿಂದ, ಅಂದರೆ 12 ವೋಲ್ಟಿನಿಂದ 600 ವ್ಯಾಟ್ ಕೊಡಬೇಕಾದರೆ 50 ಆಂಪಿಯರ್ ಕರೆಂಟ್ ಬೇಕು. ಟಾರ್ಚಿನ ಸೆಲ್‌ಗಳಿಂದ ಅದು ಆಗುವ ಮಾತಲ್ಲ.

ಅಳತೆ ಮತ್ತು ತೂಕದಲ್ಲಿ ಕಡಿತ ಮಾಡುವವರ ಬಗ್ಗೆ ಎಚ್ಚರಿಸುವ ‘ಅಲ್ ಮುತಫ್ಫಿಫೀನ್’ ಎಂಬ ಅಧ್ಯಾಯವೇ ಪವಿತ್ರ ಕುರ್‌ಆನಿನಲ್ಲಿದೆ. ಅಕ್ಕಿ, ಬಟ್ಟೆಗಳ ಅಳತೆಯಷ್ಟೇ ಅದರ ವ್ಯಾಪ್ತಿ ಎಂದು ತಿಳಿಯಬಾರದು. ನಿಮ್ಮಲ್ಲಿ ನಾಳೆ ವ್ಯಾಪಾರಿಗಳಾಗುವವರಿದ್ದೀರಿ, ಎಂಜಿನಿಯರ್‌ಗಳಾಗುವವರಿದ್ದೀರಿ. ವ್ಯಾಟ್, ವೋಲ್ಟ್‌ಗಳೂ ಅಳತೆಗಳೇ. ಗ್ರಾಹಕನಿಗೆ ಅರ್ಥವಾಗದು ಎಂಬ ಧೈರ್ಯದಲ್ಲಿ ಅಂಕಿ ಉಬ್ಬಿಸುವುದೂ ಅಳತೆಯ ಮೋಸವೇ. ಕೊಳ್ಳುವಾಗ ‘ಆರ್.ಎಂ.ಎಸ್.’ ಎಂದು ಬರೆದ ಅಂಕಿಯನ್ನು ನೋಡಿ. ಅದಿಲ್ಲದಿದ್ದರೆ ಹಿಂಬದಿಯ ಸೇವನೆಯ ವ್ಯಾಟನ್ನು ನೋಡಿ.

ಎಲ್ಲೆಡೆ ಒಂದೇ ಆದ ಎರಡು ಸಂಗತಿಗಳು

ಇಷ್ಟೊಂದು ಭಿನ್ನತೆಗಳ ನಡುವೆ ಎರಡು ಸಂಗತಿಗಳು ಮಾತ್ರ ಜಗತ್ತಿನಾದ್ಯಂತ ಒಂದೇ ಆಗಿದ್ದವು. ಮೊದಲನೆಯದು ಕ್ಯಾಸೆಟ್. 1963ರಲ್ಲಿ ಫಿಲಿಪ್ಸ್ ಕಂಪೆನಿ ಇದನ್ನು ಪರಿಚಯಿಸಿತು. ಮುಂದೆ ಇತರ ತಯಾರಕರಿಗೂ ಉಚಿತವಾಗಿ ಅನುಮತಿ ನೀಡಿತು. ಆದರೆ ಅಳತೆಗಳನ್ನು ಯಾರೂ ಬದಲಾಯಿಸುವಂತಿರಲಿಲ್ಲ. ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗ ಎಂದರೆ ಅದೇ ವೇಗ. ಜಿದ್ದಾದಲ್ಲಿಯೂ, ಟೋಕಿಯೊದಲ್ಲಿಯೂ, ಉಳ್ಳಾಲದಲ್ಲಿಯೂ. ಆದ್ದರಿಂದಲೇ ದಮ್ಮಾಮಿನಲ್ಲಿ ಧ್ವನಿಮುದ್ರಿಸಿದ ಕ್ಯಾಸೆಟ್ ಭಟ್ಕಳದಲ್ಲಿ ಅದೇ ಸ್ವರದಲ್ಲಿ ಮಾತನಾಡುತ್ತಿತ್ತು.

ಎರಡನೆಯದು ಸೆಲ್. ದೊಡ್ಡ ಸೆಲ್ಲಿಗೆ ಅಮೆರಿಕದವರು ‘ಡಿ’ ಎನ್ನುತ್ತಾರೆ, ಜಪಾನಿನ ಸೆಟ್‌ಗಳ ಮೇಲೆ ‘ಯು.ಎಂ.-1’ ಎಂದಿರುತ್ತದೆ, ಅಂತಾರಾಷ್ಟ್ರೀಯ ಹೆಸರು ‘ಆರ್-20’. ಹೆಸರು ಮೂರು, ವಸ್ತು ಒಂದೇ. ವೋಲ್ಟೇಜ್ ಎಲ್ಲೆಡೆ 1.5. ಆರು ಸೆಲ್ಲಿಗೆ 9 ವೋಲ್ಟ್, ಎಂಟಕ್ಕೆ 12, ಹತ್ತಕ್ಕೆ 15. ಹೀಗಾಗಿ ಯಾವುದೇ ದೇಶದ ಹಳೆಯ ಸೆಟ್ಟನ್ನು ಮೊದಲ ಬಾರಿ ಪರೀಕ್ಷಿಸಲು ಅತ್ಯಂತ ಸುರಕ್ಷಿತ ವಿಧಾನ ಸೆಲ್ ಹಾಕಿ ನೋಡುವುದು. ಅಲ್ಲಿ ಸೌದಿಯೂ ಇಲ್ಲ, ಜಪಾನೂ ಇಲ್ಲ. ಪ್ಲಸ್, ಮೈನಸ್ ಗುರುತು ನೋಡಿ ಹಾಕಿದರೆ ಸಾಕು. ಹೊರಗಿನಿಂದ ಅಡಾಪ್ಟರ್ ಜೋಡಿಸುವುದಾದರೆ ಮಾತ್ರ ಎಚ್ಚರ ಬೇಕು. ಆ ತೂತಿನ ನಡುವಿನ ಕಡ್ಡಿ ಕೆಲವು ಸೆಟ್‌ಗಳಲ್ಲಿ ಪ್ಲಸ್, ಕೆಲವದರಲ್ಲಿ ಮೈನಸ್ ಆಗಿರುತ್ತದೆ.

ಧ್ವನಿಯನ್ನು ಉಳಿಸೋಣ

ಈಗ ಆ ಕ್ಯಾಸೆಟ್ ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. 1970 ಮತ್ತು 80ರ ದಶಕಗಳಲ್ಲಿ ವಿದೇಶಕ್ಕೆ ಫೋನ್ ಮಾಡುವುದು ಬಹಳ ದುಬಾರಿಯಾಗಿತ್ತು. ಓದುಬರಹ ಬಾರದ ತಾಯಂದಿರಿಗೆ ಪತ್ರವೂ ಪರರ ಕೈಯಿಂದಲೇ ಆಗಬೇಕಿತ್ತು. ಹಾಗಾಗಿ ಎಷ್ಟೋ ಕುಟುಂಬಗಳು ಕ್ಯಾಸೆಟನ್ನೇ ಪತ್ರವನ್ನಾಗಿ ಮಾಡಿಕೊಂಡವು. ತಾಯಿ ಮಾತನಾಡಿ, ಮಗು ಕುರ್‌ಆನಿನ ಚಿಕ್ಕ ಅಧ್ಯಾಯವೊಂದನ್ನು ಓದಿ, ಅಜ್ಜ ದುಆ ಮಾಡಿ, ಊರಿಗೆ ಬಂದವರ ಕೈಯಲ್ಲಿ ಅದನ್ನು ಕಳುಹಿಸುತ್ತಿದ್ದರು. ಅಲ್ಲಿಂದ ತಂದೆಯ ಧ್ವನಿ ಅದೇ ದಾರಿಯಲ್ಲಿ ಬರುತ್ತಿತ್ತು. ಆ ಕ್ಯಾಸೆಟ್‌ಗಳಲ್ಲಿ ಬ್ಯಾರಿ ಇದೆ, ನವಾಯತಿ ಇದೆ, ದಖನಿ ಉರ್ದು ಇದೆ. ಮದುವೆಯ ಹಾಡುಗಳಿವೆ. ಇಂದು ಬದುಕಿಲ್ಲದವರ ಉಸಿರಿದೆ. ಕಾಗದದಲ್ಲಿ ಹೆಚ್ಚು ಬರೆದಿಡದ ಭಾಷೆಗಳಿಗೆ ಇದಕ್ಕಿಂತ ದೊಡ್ಡ ದಾಖಲೆ ಯಾವುದಿದೆ?

ಈ ಟೇಪುಗಳು ಶಾಶ್ವತವಲ್ಲ. ಕರಾವಳಿಯ ತೇವದಲ್ಲಿ ಬೂಷ್ಟು ಹಿಡಿಯುತ್ತದೆ, ಹಂಚಿನ ಕೆಳಗಿನ ಬಿಸಿಗೆ ಟೇಪ್ ಸುಕ್ಕುಗಟ್ಟುತ್ತದೆ. ಆದುದರಿಂದ ವಿದ್ಯಾರ್ಥಿಗಳು ಈ ಕ್ರಮದಲ್ಲಿ ಕೆಲಸ ಮಾಡಬೇಕೆಂದು ನನ್ನ ವಿನಂತಿ.

ಒಂದು, ಸೆಟ್ಟನ್ನು ಅಟ್ಟದಿಂದ ಇಳಿಸಿ, ಸಾಕೆಟ್‌ಗೆ ಜೋಡಿಸಬೇಡಿ. ಮೊದಲು ಹಿಂಬದಿಯ ಪಟ್ಟಿಯನ್ನು ಓದಿ, ನಾಲ್ಕೂ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ.

ಎರಡು, ವೋಲ್ಟೇಜ್ ತಿರುಪು ಎಲ್ಲಿದೆ ಎಂದು ಹುಡುಕಿ. ಅದನ್ನು 220 ಅಥವಾ 240ಕ್ಕೆ ತನ್ನಿ. ತಿರುಪು ಇಲ್ಲದಿದ್ದರೆ ಪಟ್ಟಿಯ ಅಂಕಿಯೇ ಅಂತಿಮ.

ಮೂರು, ಹಳೆಯ ಸೆಲ್ ಸೋರಿ ಗೂಡು ಹಸಿರುಗಟ್ಟಿದ್ದರೆ ಒರೆಸಿ ಸ್ವಚ್ಛ ಮಾಡಿ, ಹೊಸ ಸೆಲ್ ಹಾಕಿ ಪರೀಕ್ಷಿಸಿ. ಮೋಟಾರ್ ತಿರುಗಿಯೂ ಟೇಪ್ ಚಲಿಸದಿದ್ದರೆ ಒಳಗಿನ ರಬ್ಬರ್ ಬೆಲ್ಟ್ ಕರಗಿರಬಹುದು. ಅದನ್ನು ಅನುಭವಿ ಮೆಕ್ಯಾನಿಕ್ ಬದಲಾಯಿಸಬಲ್ಲರು. ಪ್ಲಗ್ ಜೋಡಿಸಿರುವಾಗ ಸೆಟ್ ಬಿಚ್ಚಬೇಡಿ.

ನಾಲ್ಕು, ಮೊದಲು ಬೆಲೆಯಿಲ್ಲದ ಯಾವುದಾದರೂ ಕ್ಯಾಸೆಟ್ ಹಾಕಿ ನೋಡಿ. ಅದು ಸಿಕ್ಕಿಕೊಳ್ಳದೆ ನಡೆದರೆ ಮಾತ್ರ ಮನೆಯ ಧ್ವನಿಯಿರುವ ಕ್ಯಾಸೆಟ್ ಹಾಕಿ. ಬೂಷ್ಟು ಹಿಡಿದದ್ದನ್ನು ಹಾಕಲೇಬೇಡಿ. ಮೊದಲು ಬಲ್ಲವರಿಗೆ ತೋರಿಸಿ.

ಐದು, ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ತಂತಿ ಜೋಡಿಸಿ ಧ್ವನಿಯನ್ನು ನಕಲು ಮಾಡಿ. ಎರಡು ಪ್ರತಿ ಮಾಡಿ, ಎರಡು ಬೇರೆ ಮನೆಗಳಲ್ಲಿಡಿ. ಯಾರ ಧ್ವನಿ, ಯಾವ ಊರು, ಯಾವ ವರ್ಷ ಎಂದು ಹಿರಿಯರನ್ನು ಕೇಳಿ ಬರೆದಿಡಿ. ಅದನ್ನು ಹೇಳಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.

ಸಂಘದ ಪದಾಧಿಕಾರಿಗಳಲ್ಲಿ ನನ್ನದೊಂದು ಸಲಹೆಯಿದೆ. ಪ್ರತಿಯೊಂದು ಘಟಕದಲ್ಲಿ ವರ್ಷಕ್ಕೊಂದು ದಿನವನ್ನು ಇದಕ್ಕಾಗಿ ಮೀಸಲಿಡಿ. ಐ.ಟಿ.ಐ. ಮತ್ತು ಡಿಪ್ಲೊಮಾ ಓದುವ ಮಕ್ಕಳು ಸೆಟ್‌ಗಳನ್ನು ಪರೀಕ್ಷಿಸಲಿ, ಕಂಪ್ಯೂಟರ್ ಬಲ್ಲವರು ನಕಲು ಮಾಡಲಿ, ಹೆಣ್ಣುಮಕ್ಕಳು ತಮ್ಮ ಅಜ್ಜಿಯರ ಬಳಿ ಕುಳಿತು ಹಾಡುಗಳ ವಿವರ ಬರೆದುಕೊಳ್ಳಲಿ. ಇದಕ್ಕೆ ದೊಡ್ಡ ಹಣ ಬೇಡ, ಓದುವ ತಾಳ್ಮೆ ಬೇಕು.

ಮಿತ್ರರೇ, ‘ಓದು’ ಎಂಬ ಆದೇಶದೊಂದಿಗೆ ದಿವ್ಯವಾಣಿ ಆರಂಭವಾದ ಸಮುದಾಯ ನಮ್ಮದು. ನಮ್ಮ ತಂದೆ, ಅಜ್ಜಂದಿರಲ್ಲಿ ಅನೇಕರಿಗೆ ಆ ಹಿಂಬದಿಯ ಪಟ್ಟಿಯನ್ನು ಓದುವ ಅವಕಾಶ ಸಿಕ್ಕಿರಲಿಲ್ಲ. ಅವರು ತಮ್ಮ ಬೆವರಿನಿಂದ ಸೆಟ್ ತಂದರು, ಅದೇ ಬೆವರಿನಿಂದ ನಮ್ಮನ್ನು ಶಾಲೆಗೆ ಕಳುಹಿಸಿದರು. ಅವರು ತಂದುದನ್ನು ಓದಿ ಅರ್ಥಮಾಡಿಕೊಳ್ಳುವುದು ಈಗ ನಮ್ಮ ಸರದಿ. ನಾಳೆ ನಿಮ್ಮಲ್ಲಿ ಕೆಲವರು ರಿಯಾದ್‌ಗೆ, ಕೆಲವರು ಟೋಕಿಯೊಗೆ, ಕೆಲವರು ನ್ಯೂಯಾರ್ಕ್‌ಗೆ ಹೋಗುವಿರಿ. 100 ವೋಲ್ಟ್ ಕೀಳಲ್ಲ, 230 ವೋಲ್ಟ್ ಮೇಲಲ್ಲ. ಪ್ರತಿಯೊಂದು ಊರಿಗೂ ತನ್ನದೇ ಆದ ಅಳತೆಯಿದೆ. ಅದನ್ನು ತಿಳಿದು ಹೊಂದಿಕೊಂಡವನು ತನ್ನ ಧ್ವನಿಯನ್ನು ಕಳೆದುಕೊಳ್ಳದೆಯೇ ಎಲ್ಲಿಯೂ ಬಾಳಬಲ್ಲ.

ಅಲ್ಲಾಹನು ನಮ್ಮೆಲ್ಲರಿಗೂ ಪ್ರಯೋಜನಕಾರಿಯಾದ ಜ್ಞಾನವನ್ನು ಕರುಣಿಸಲಿ, ಆಮೀನ್.